‘ನೀವೇ ಹೇಳಿ ಡಾಕ್ಟ್ರೇ’ ಅನ್ನುವ ಮುನ್ನ

ಚಿಕಿತ್ಸೆ ಯಾವುದೆಂದು ಡಾಕ್ಟರು ಮತ್ತು ರೋಗಿ ಕೂಡಿ ತೀರ್ಮಾನಿಸುವುದು ಹೇಗೆ? ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಇದೇ ವಿಷಯದ ಸುತ್ತ ಇವೆ. ಒಬ್ಬ ಯುವ ವೈದ್ಯರೂ ಬರೆದಿದ್ದಾರೆ. ಆಯ್ದ ಪ್ರಶ್ನೆಗಳಿಗೆ ನಮ್ಮ ಆರೋಗ್ಯ ಬಳಗದ ಉತ್ತರ ಇಲ್ಲಿದೆ.

ಪ್ರಶ್ನೆ: ನನಗೆ 63 ವರ್ಷ. ಪ್ರಾಸ್ಟೇಟ್ ಗ್ರಂಥಿಯಲ್ಲಿ ಆರಂಭದ ಕ್ಯಾನ್ಸರ್ ಇದೆ, ಹೊರಗೆ ಹರಡಿಲ್ಲ ಎಂದು ಬಯಾಪ್ಸಿ, ಸ್ಕ್ಯಾನ್ ನೋಡಿ ಹೇಳಿದ್ದಾರೆ. ಆಪರೇಷನ್, ರೇಡಿಯೇಷನ್, ಅಥವಾ ಸದ್ಯಕ್ಕೆ ಏನೂ ಮಾಡದೆ ಕಣ್ಣಿಟ್ಟಿರುವುದು, ಮೂರರಲ್ಲಿ ಯಾವುದಾದರೂ ಆದೀತು, ಯೋಚಿಸಿ ನೀವೇ ಹೇಳಿ ಎಂದರು. ಓದಿದವರು ಅವರು. ನಾನೇನು ಹೇಳಲಿ?

ಉತ್ತರ: ಮೂರು ದಾರಿ ಇವೆ ಎಂದು ಅವರು ಬಿಚ್ಚಿ ಹೇಳಿದ್ದು ಒಳ್ಳೆಯದೇ. ಆದರೆ ಅಲ್ಲಿಗೆ ನಿಲ್ಲಿಸಿದರೆ ಕೆಲಸ ಅರ್ಧವಾದಂತೆ. ಯಾವ ದಾರಿಯಲ್ಲಿ ಏನಾಗುತ್ತದೆ ಎಂಬುದು ಅವರಿಗೆ ಗೊತ್ತು. ಯಾವ ತೊಂದರೆಯನ್ನು ಸಹಿಸಬಲ್ಲಿರಿ, ಯಾವುದನ್ನು ಸಹಿಸಲಾರಿರಿ ಎಂಬುದು ನಿಮಗೆ ಮಾತ್ರ ಗೊತ್ತು. ಎರಡೂ ಒಂದೇ ಮೇಜಿನ ಮೇಲೆ ಬಂದಾಗಲೇ ತೀರ್ಮಾನ ಗಟ್ಟಿಯಾಗುವುದು.

ನಿಮ್ಮಂಥವರ ವಿಷಯದಲ್ಲಿ ಒಳ್ಳೆಯ ಲೆಕ್ಕ ಸಿಗುತ್ತದೆ. ಬ್ರಿಟನ್ನಿನ ‘ಪ್ರೊಟೆಕ್ಟ್’ ಅಧ್ಯಯನದಲ್ಲಿ 50ರಿಂದ 69 ವರ್ಷದ 1,643 ಗಂಡಸರನ್ನು ಚೀಟಿ ಎತ್ತಿದ ಹಾಗೆ ಈ ಮೂರು ದಾರಿಗಳಿಗೆ ಹಂಚಿದ್ದರು. 15 ವರ್ಷಗಳ ಫಲಿತಾಂಶ 2023ರಲ್ಲಿ ಬಂತು. ಈ ಕ್ಯಾನ್ಸರ್‌ನಿಂದ ಸತ್ತವರು ಕಣ್ಣಿಟ್ಟು ಕಾದ ಗುಂಪಿನಲ್ಲಿ ಶೇ. 3.1, ಆಪರೇಷನ್ ಗುಂಪಿನಲ್ಲಿ ಶೇ. 2.2, ರೇಡಿಯೇಷನ್ ಗುಂಪಿನಲ್ಲಿ ಶೇ. 2.9. ಜೀವ ಉಳಿಯುವ ವಿಷಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆದರೆ ಕ್ಯಾನ್ಸರ್ ಬೇರೆಡೆಗೆ ಹರಡಿದ್ದು ಕಾದವರಲ್ಲಿ ಶೇ. 9.4, ಉಳಿದೆರಡು ಗುಂಪುಗಳಲ್ಲಿ ಶೇ. 5ರ ಆಸುಪಾಸು. ಕಾದವರಲ್ಲಿ ಶೇ. 61ರಷ್ಟು ಮಂದಿ ಆ 15 ವರ್ಷಗಳಲ್ಲಿ ಯಾವಾಗಲೋ ಒಮ್ಮೆ ಆಪರೇಷನ್ನನ್ನೋ ರೇಡಿಯೇಷನ್ನನ್ನೋ ಮಾಡಿಸಿಕೊಂಡರು. ಇನ್ನೊಂದು ಮಗ್ಗುಲನ್ನೂ ನೋಡಬೇಕು. ಆಪರೇಷನ್ ಆದವರಲ್ಲಿ ಮೂತ್ರ ಸೋರುವುದಕ್ಕೆ ಪ್ಯಾಡ್ ಬಳಸುತ್ತಿದ್ದವರು ಆರು ತಿಂಗಳಿಗೆ ಶೇ. 46, ಆರು ವರ್ಷಕ್ಕೆ ಶೇ. 17. ಅದೇ ಆರು ವರ್ಷಕ್ಕೆ ರೇಡಿಯೇಷನ್‌ನವರಲ್ಲಿ ಶೇ. 4, ಕಾದವರಲ್ಲಿ ಶೇ. 8. ಲೈಂಗಿಕ ಶಕ್ತಿ ಮೂರೂ ಗುಂಪುಗಳಲ್ಲಿ ಕುಗ್ಗಿತು, ಮೊದಲ ತಿಂಗಳುಗಳಲ್ಲಿ ಆಪರೇಷನ್ ಆದವರಲ್ಲಿ ಎಲ್ಲಕ್ಕಿಂತ ಹೆಚ್ಚು.

ಈ ಲೆಕ್ಕ ನೋಡಿ ಇಬ್ಬರು ಬೇರೆ ಬೇರೆ ತೀರ್ಮಾನಕ್ಕೆ ಬಂದರೆ ಇಬ್ಬರದ್ದೂ ಸರಿಯೇ. ಮೈಯಲ್ಲಿ ಕ್ಯಾನ್ಸರ್ ಇದೆ ಎಂಬ ಯೋಚನೆಯಲ್ಲೇ ನಿದ್ದೆ ಬಾರದವರು ಆಪರೇಷನ್ ಕಡೆ ವಾಲುತ್ತಾರೆ. ಸೋರಿಕೆಯ ಮುಜುಗರದಲ್ಲಿ ಹೊರಗೆ ಓಡಾಡಲಾರೆ ಎನ್ನುವವರು ಕಾಯುವುದನ್ನು ಆರಿಸಬಹುದು. ಕಾಯುವುದು ಎಂದರೆ ಮರೆತುಬಿಡುವುದಲ್ಲ. ಆ ಅಧ್ಯಯನದಲ್ಲೇ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಪ್ರಾಸ್ಟೇಟ್ ಗ್ರಂಥಿಯ ಒಂದು ಪ್ರೋಟೀನನ್ನು ಅಳೆಯುವ ಪಿಎಸ್‌ಎ ರಕ್ತಪರೀಕ್ಷೆ ಇತ್ತು. ಈಗ ಎಂಆರ್‌ಐ ಮತ್ತು ಮರುಬಯಾಪ್ಸಿಯೂ ಸೇರಿಕೊಂಡಿವೆ. ಅದಕ್ಕೆಲ್ಲ ತಪ್ಪದೆ ಬರಬಲ್ಲೆನೇ ಎಂದು ಪ್ರಾಮಾಣಿಕವಾಗಿ ಕೇಳಿಕೊಳ್ಳಿ.

ಮುಂದಿನ ಭೇಟಿಯಲ್ಲಿ ಹೀಗೆ ಶುರುಮಾಡಿ: “ಡಾಕ್ಟ್ರೇ, ನನ್ನ ಗ್ಲೀಸನ್ ಅಂಕ, ಪಿಎಸ್‌ಎ, ವಯಸ್ಸು ನೋಡಿದರೆ ಈ ಲೆಕ್ಕ ನನಗೆ ಎಷ್ಟು ಹೊಂದುತ್ತೆ?” (ಗ್ಲೀಸನ್ ಅಂಕ ಎಂದರೆ ಬಯಾಪ್ಸಿಯಲ್ಲಿ ಕಂಡ ಕ್ಯಾನ್ಸರ್ ಎಷ್ಟು ಉಗ್ರ ಎಂಬುದರ ಅಳತೆ.) ಆಮೇಲೆ ನಿಮಗೆ ಅತಿ ಮುಖ್ಯವಾದ ಎರಡು ವಿಷಯ ಹೇಳಿ, “ಇದನ್ನು ಕೇಳಿದ ಮೇಲೆ ನೀವಾದರೆ ಯಾವ ಕಡೆ ವಾಲುತ್ತೀರಿ, ಯಾಕೆ?” ಎಂದು ಕೇಳಿ. ಅವರ ಸಲಹೆ ಕೇಳುವುದು ನಿಮ್ಮ ಹಕ್ಕನ್ನು ಬಿಟ್ಟುಕೊಟ್ಟಂತಲ್ಲ. ಇಷ್ಟು ಆರಂಭದ ಹಂತದಲ್ಲಿ ಯೋಚಿಸಲು ಸಾಮಾನ್ಯವಾಗಿ ಕೆಲವು ವಾರಗಳ ಸಮಯ ಇರುತ್ತದೆ. ನಿಮಗೆ ಎಷ್ಟಿದೆ ಎಂದೂ ಅವರನ್ನೇ ಕೇಳಿ.

ಪ್ರಶ್ನೆ: ಒಳಗೆ ಹೋದರೆ ಹತ್ತು ನಿಮಿಷವೂ ಸಿಗುವುದಿಲ್ಲ. ಕೇಳಬೇಕೆಂದುಕೊಂಡದ್ದು ಹೊರಗೆ ಬಂದ ಮೇಲೆ ನೆನಪಾಗುತ್ತದೆ. ಏನು ಮಾಡಬೇಕು?

ಉತ್ತರ: ಹಿಂದಿನ ರಾತ್ರಿ ಒಂದು ಹಾಳೆ ತೆಗೆದುಕೊಳ್ಳಿ. ಮೇಲ್ಗಡೆ ಒಂದೇ ಒಂದು ವಾಕ್ಯ: ಇವತ್ತು ಯಾಕೆ ಬಂದೆ. ಕೆಳಗೆ ತೊಂದರೆ ಶುರುವಾದದ್ದು ಯಾವಾಗ, ಯಾವಾಗ ಹೆಚ್ಚಾಗುತ್ತದೆ, ಅದರಿಂದ ಯಾವ ಕೆಲಸ ನಿಂತಿದೆ. ‘ಮಂಡಿ ನೋವು’ ಎನ್ನುವುದಕ್ಕಿಂತ ‘ಮೆಟ್ಟಿಲು ಇಳಿಯಲು ಆಗುತ್ತಿಲ್ಲ, ರಾತ್ರಿ ಎರಡು ಸಲ ಎಚ್ಚರವಾಗುತ್ತದೆ’ ಎನ್ನುವುದರಿಂದ ಡಾಕ್ಟರಿಗೆ ಹೆಚ್ಚು ತಿಳಿಯುತ್ತದೆ. ಪುಟದ ಇನ್ನರ್ಧದಲ್ಲಿ ಮೂರು ಪ್ರಶ್ನೆ ಬರೆದು, ಉತ್ತರಕ್ಕೆ ಜಾಗ ಬಿಡಿ: ನನ್ನ ಮುಂದೆ ಯಾವ ಯಾವ ದಾರಿಗಳಿವೆ? ಪ್ರತಿಯೊಂದರಲ್ಲೂ ಒಳಿತೇನು, ಕೆಡುಕೇನು? ನನ್ನಂಥವರಲ್ಲಿ ಅದು ನೂರಕ್ಕೆ ಎಷ್ಟು ಮಂದಿಗೆ ಆಗುತ್ತದೆ? ಆಸ್ಟ್ರೇಲಿಯಾದಲ್ಲಿ ಪರೀಕ್ಷಿಸಿ ನೋಡಿದ ಪ್ರಶ್ನೆಗಳಿವು. ನಮ್ಮದೊಂದು ನಾಲ್ಕನೆಯದನ್ನೂ ಸೇರಿಸಿಕೊಳ್ಳಿ: ಏನೂ ಮಾಡದಿದ್ದರೆ ಏನಾಗುತ್ತದೆ? ಇದನ್ನು ಕೇಳಲು ಜನ ಅಂಜುತ್ತಾರೆ, ಆದರೆ ಹಲವು ಸಲ ಅತಿ ಉಪಯುಕ್ತವಾದ ಉತ್ತರ ಬರುವುದು ಇದಕ್ಕೇ.

ದೊಡ್ಡ ಚಿಂತೆಯನ್ನು ಮೊದಲು ಹೇಳಿ. ಎದ್ದು ಹೊರಡುವಾಗ, ಬಾಗಿಲ ಹತ್ತಿರ ನಿಂತು “ಅಂದಹಾಗೆ ಎದೆ ಒಂಥರಾ ಹಿಡಿದ ಹಾಗಾಗುತ್ತೆ” ಎನ್ನುವವರು ಬಹಳ ಮಂದಿ. ಅಷ್ಟರಲ್ಲಿ ಸಮಯ ಮುಗಿದಿರುತ್ತದೆ. ತುಂಬ ಹೊತ್ತು ಮಾತಾಡಿಬಿಡುತ್ತೇನೇನೋ ಎಂಬ ಸಂಕೋಚವೂ ಬೇಡ. ಸ್ವಿಟ್ಜರ್ಲೆಂಡಿನಲ್ಲಿ ರೋಗಿಗಳನ್ನು ತಡೆಯದೆ ಮಾತಾಡಲು ಬಿಟ್ಟು ಗಡಿಯಾರ ನೋಡಿದಾಗ ಅವರು ಸರಾಸರಿ 92 ಸೆಕೆಂಡಿಗೆ ತಾವಾಗಿಯೇ ನಿಲ್ಲಿಸಿದ್ದರು.

ಜೊತೆಗೆ ಒಬ್ಬರು ಬರಲಿ, ಅವರ ಕೆಲಸ ಬರೆದುಕೊಳ್ಳುವುದು ಮಾತ್ರ. ಕೆಟ್ಟ ಸುದ್ದಿ ಕಿವಿಗೆ ಬಿದ್ದ ಮೇಲಿನ ಮಾತುಗಳು ತಲೆಗೆ ಹೋಗುವುದೇ ಇಲ್ಲ. ಯಾರೂ ಇಲ್ಲದಿದ್ದರೆ “ಮನೇಲಿ ಮತ್ತೆ ಕೇಳಿಸಿಕೊಳ್ಳೋಕೆ ಫೋನಲ್ಲಿ ರೆಕಾರ್ಡ್ ಮಾಡಿಕೊಳ್ಳಲಾ?” ಎಂದು ಅನುಮತಿ ಕೇಳಿ. ಕದ್ದು ಮಾಡಬೇಡಿ, ನಂಬಿಕೆ ಕೆಡುತ್ತದೆ.

ಪ್ರಶ್ನೆ: ಕೊಲೆಸ್ಟರಾಲ್ ಮಾತ್ರೆ ತೆಗೆದುಕೊಂಡರೆ ಹೃದಯಾಘಾತ ಶೇ. 25 ಕಡಿಮೆಯಾಗುತ್ತದೆ ಎಂದರು. ಮಾತ್ರೆಯ ಜೊತೆ ಬರುವ ಮಾಹಿತಿ ಚೀಟಿಯಲ್ಲಿ ನೋಡಿದರೆ ಅಡ್ಡಪರಿಣಾಮಗಳ ಉದ್ದನೆಯ ಪಟ್ಟಿ. ಯಾವುದನ್ನು ನಂಬುವುದು?

ಉತ್ತರ: ಎರಡನ್ನೂ ನಂಬಿ, ಆದರೆ ಅಳತೆ ಕೇಳಿ. ‘ಶೇ. 25 ಕಡಿಮೆ’ ಎಂದಾಗ ಕೇಳಬೇಕಾದದ್ದು ‘ಎಷ್ಟರಿಂದ ಎಷ್ಟಕ್ಕೆ?’ ಎಂದು. ಉದಾಹರಣೆಗೆ ಇಬ್ಬರನ್ನು ತೆಗೆದುಕೊಳ್ಳೋಣ. ಮೊದಲನೆಯವರಂಥ 100 ಮಂದಿಯಲ್ಲಿ ಮುಂದಿನ ಹತ್ತು ವರ್ಷಗಳಲ್ಲಿ 4 ಜನಕ್ಕೆ ಹೃದಯಾಘಾತ ಆಗುವ ಸಂಭವ ಇದೆ ಎನ್ನಿ. ಮಾತ್ರೆ ಅದನ್ನು ಕಾಲುಭಾಗ ಇಳಿಸಿದರೆ 3 ಆಯಿತು. ಹತ್ತು ವರ್ಷ 100 ಮಂದಿ ಮಾತ್ರೆ ನುಂಗಿದರೆ ಒಬ್ಬರಿಗೆ ತಪ್ಪುತ್ತದೆ, 96 ಮಂದಿಗೆ ಮಾತ್ರೆ ಇಲ್ಲದಿದ್ದರೂ ಆಗುತ್ತಿರಲಿಲ್ಲ, 3 ಮಂದಿಗೆ ಮಾತ್ರೆ ನುಂಗಿಯೂ ಆಗುತ್ತದೆ. ಎರಡನೆಯವರಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಸಿಗರೇಟು ಎಲ್ಲ ಇದ್ದು, ಅಂಥ 100ರಲ್ಲಿ 20 ಮಂದಿಗೆ ಆಗುವಂತಿದ್ದರೆ ಅದೇ ಮಾತ್ರೆ ಅದನ್ನು 15ಕ್ಕೆ ಇಳಿಸಿ ಐವರನ್ನು ಪಾರುಮಾಡುತ್ತದೆ. ಇಬ್ಬರಿಗೂ ‘ಶೇ. 25’ ಎಂದೇ ಹೇಳಬಹುದು, ಸುಳ್ಳಲ್ಲ. ಆದರೆ ಮೊದಲನೆಯವರು ಬೇಡವೆಂದರೂ ಅರ್ಥವಿದೆ, ಎರಡನೆಯವರು ಬೇಡವೆನ್ನುವ ಮುಂಚೆ ಎರಡು ಸಲ ಯೋಚಿಸಬೇಕು. ನೀವು ಯಾವ ಕಡೆಯವರು ಎಂಬುದನ್ನು ವಯಸ್ಸು, ರಕ್ತದೊತ್ತಡ, ಕೊಲೆಸ್ಟರಾಲ್ ಎಲ್ಲ ಸೇರಿಸಿ ಲೆಕ್ಕಹಾಕುವ ವಿಧಾನ ಡಾಕ್ಟರ ಬಳಿ ಇರುತ್ತದೆ. ಹಾಕಿಸಿ. ಒಮ್ಮೆ ಹೃದಯಾಘಾತ ಆಗಿಹೋದವರ ಲೆಕ್ಕ ಮಾತ್ರ ಬೇರೆ. ಅವರಿಗೆ ಲಾಭ ಇನ್ನೂ ಹೆಚ್ಚು.

ಈ ಅಳತೆ ತಪ್ಪಿದರೆ ಎಂಥ ಅನಾಹುತವಾಗುತ್ತದೆ ಎಂಬುದಕ್ಕೆ 1995ರ ಬ್ರಿಟನ್ ಸಾಕ್ಷಿ. ಹೊಸ ಬಗೆಯ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ‘ದುಪ್ಪಟ್ಟು’ ಎಂದು ಅಲ್ಲಿನ ಔಷಧ ಸುರಕ್ಷತಾ ಸಮಿತಿ ಎಚ್ಚರಿಸಿತು. ನಿಜದಲ್ಲಿ ಅದು 7,000 ಹೆಂಗಸರಲ್ಲಿ ಒಬ್ಬರಿದ್ದದ್ದು ಇಬ್ಬರಾಗಿತ್ತು. ಹೆದರಿ ಮಾತ್ರೆ ಬಿಟ್ಟವರು ಎಷ್ಟೋ ಮಂದಿ. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚಾದವು ಎಂಬ ಅಂದಾಜಿದೆ. ಗರ್ಭ ಧರಿಸಿದರೆ ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಯದಕ್ಕಿಂತ ಹೆಚ್ಚು ಎಂಬುದನ್ನೂ ಸೇರಿಸಿ ನೋಡಿ.

ಚೀಟಿಯ ಪಟ್ಟಿಗೂ ಒಂದು ಕೀಲಿಕೈ ಇದೆ. ಯುರೋಪಿನ ನಿಯಮದ ಪ್ರಕಾರ ಅಡ್ಡಪರಿಣಾಮ ‘ಸಾಮಾನ್ಯ’ ಎಂದರೆ 100 ಮಂದಿಯಲ್ಲಿ 1ರಿಂದ 10 ಜನಕ್ಕೆ, ‘ಅಪರೂಪ’ ಎಂದರೆ 10,000 ಮಂದಿಯಲ್ಲಿ 1ರಿಂದ 10 ಜನಕ್ಕೆ. ಓದುವವರು ‘ಸಾಮಾನ್ಯ’ ಎಂದರೆ ಅರ್ಧಕ್ಕರ್ಧ ಜನಕ್ಕೆ ಆಗುತ್ತದೆ ಎಂದುಕೊಂಡು ಹೆದರುತ್ತಾರೆ. ಒಳಿತನ್ನೂ ಕೆಡುಕನ್ನೂ ಒಂದೇ ಅಳತೆಯಲ್ಲಿ, ‘100ರಲ್ಲಿ ಎಷ್ಟು, ಎಷ್ಟು ವರ್ಷಕ್ಕೆ’ ಎಂದು ಕೇಳಿದರೆ ತಕ್ಕಡಿ ಸಮನಾಗುತ್ತದೆ.

ಪ್ರಶ್ನೆ: ನಾನು ಎರಡು ವರ್ಷದಿಂದ ಪ್ರಾಕ್ಟೀಸ್ ಮಾಡುತ್ತಿರುವ ಡಾಕ್ಟರ್. ಹೊರಗೆ ಸಾಲು ನಿಂತಿರುತ್ತದೆ. ಆಯ್ಕೆ ಕೊಟ್ಟರೂ ರೋಗಿಗಳು “ನೀವು ಹೇಳಿದ ಹಾಗೆ” ಅನ್ನುತ್ತಾರೆ. ಕೂಡಿ ತೀರ್ಮಾನಿಸುವುದು ಪುಸ್ತಕದಲ್ಲಿ ಚೆಂದ, ಒಪಿಡಿಯಲ್ಲಿ ಸಾಧ್ಯವೇ?

ಉತ್ತರ: ಎಲ್ಲ ರೋಗಿಗಳ ಜೊತೆಯೂ ಬೇಕಿಲ್ಲ. ಸರಿಯಾದ ದಾರಿ ಒಂದೇ ಇರುವಲ್ಲಿ, ಉದಾಹರಣೆಗೆ ಬ್ಯಾಕ್ಟೀರಿಯಾದಿಂದ ಬಂದ ಮೆದುಳುಪೊರೆಯ ಉರಿಯೂತದಲ್ಲಿ, ಆಯ್ಕೆಗಳ ಪಟ್ಟಿ ಹಿಡಿದು ಕೂರುವಂತಿಲ್ಲ. ಒಂದಕ್ಕಿಂತ ಹೆಚ್ಚು ದಾರಿಗಳು ಸರಿಯಿದ್ದು, ಒಳಿತು ಕೆಡುಕುಗಳು ಬೇರೆ ಬೇರೆ ಇರುವಲ್ಲಿ ಮಾತ್ರ ಇದಕ್ಕೆ ಸಮಯ ಕೊಡಿ. ಸಕ್ಕರೆ ಕಾಯಿಲೆಗೆ ಎರಡನೇ ಔಷಧ, ಮಂಡಿ ಸವೆತಕ್ಕೆ ಆಪರೇಷನ್, ಆರಂಭದ ಸ್ತನ ಕ್ಯಾನ್ಸರ್‌ನಲ್ಲಿ ಗಡ್ಡೆಯಷ್ಟನ್ನೇ ತೆಗೆದು ರೇಡಿಯೇಷನ್ ಕೊಡುವುದೋ ಇಡೀ ಸ್ತನ ತೆಗೆಯುವುದೋ, ಇಂಥವು.

“ನೀವು ಹೇಳಿದ ಹಾಗೆ” ಎಂಬ ಉತ್ತರಕ್ಕೆ ಹಲವು ಸಲ ಕಾರಣ ಪ್ರಶ್ನೆಯೇ. “ಏನ್ಮಾಡೋಣ, ಮಾತ್ರೆನಾ ಇಂಜೆಕ್ಷನ್ನಾ?” ಎಂದು ಥಟ್ಟನೆ ಕೇಳಿದರೆ ಡಾಕ್ಟರಿಗೇ ಗೊತ್ತಿಲ್ಲವೇನೋ ಎಂದು ರೋಗಿ ಗಾಬರಿಯಾಗುತ್ತಾರೆ. ಈ ವಿಷಯದ ಸಂಶೋಧಕ ಗ್ಲಿನ್ ಎಲ್ವಿನ್ ಮತ್ತು ಸಂಗಡಿಗರು 2012ರಲ್ಲಿ ತೋರಿಸಿಕೊಟ್ಟ ಕ್ರಮ ಸರಳವಾಗಿದೆ. ಮೊದಲು ಆಯ್ಕೆ ಯಾಕಿದೆ ಎಂದು ಹೇಳುವುದು, ಆಮೇಲೆ ಆಯ್ಕೆಗಳನ್ನು ಹೋಲಿಸುವುದು, ಕೊನೆಗೆ ತೀರ್ಮಾನ. ಮೊದಲ ಹೆಜ್ಜೆಯನ್ನೇ ಹೆಚ್ಚಿನವರು ಹಾರಿಬಿಡುತ್ತಾರೆ. ಅದಕ್ಕೆ ಬೇಕಾದದ್ದು ಎರಡೇ ವಾಕ್ಯ: “ಇದಕ್ಕೆ ಎರಡು ಮೂರು ಥರ ಔಷಧ ಇದೆ, ಎಲ್ಲವೂ ಕೆಲಸ ಮಾಡುತ್ತೆ. ನಿಮಗೆ ಯಾವುದು ಹೊಂದುತ್ತೆ ಅಂತ ತಿಳಿಯೋಕೆ ನಿಮ್ಮ ದಿನ ಹೇಗಿರುತ್ತೆ ಅನ್ನೋದು ನನಗೆ ಗೊತ್ತಾಗಬೇಕು.”

ಹೋಲಿಸುವ ಹೆಜ್ಜೆಗೆ ಅಮೆರಿಕದ ಮೇಯೋ ಕ್ಲಿನಿಕ್‌ನವರು ಸಕ್ಕರೆ ಕಾಯಿಲೆಗೆ ಮಾಡಿದ ಕಾರ್ಡುಗಳನ್ನು ನೋಡಿ. ಒಂದೊಂದು ಔಷಧಕ್ಕೆ ಒಂದೊಂದು ಕಾರ್ಡಲ್ಲ, ಒಂದೊಂದು ಕಾಳಜಿಗೆ ಒಂದೊಂದು ಕಾರ್ಡು: ತೂಕ, ಸಕ್ಕರೆ ತೀರಾ ಇಳಿಯುವುದು, ದಿನಚರಿ, ಅಡ್ಡಪರಿಣಾಮ, ಹೀಗೆ. ಡಾಕ್ಟರು ಮೇಜಿನ ಮೇಲೆ ಹರಡಿ “ಯಾವುದರಿಂದ ಶುರುಮಾಡೋಣ?” ಎನ್ನುತ್ತಾರೆ. ರೋಗಿಯ ಕೈ ಯಾವ ಕಾರ್ಡಿಗೆ ಹೋಗುತ್ತದೆ ಎಂಬುದರಲ್ಲೇ ಅರ್ಧ ಉತ್ತರ ಸಿಕ್ಕಿರುತ್ತದೆ. ದಿನವಿಡೀ ಲಾರಿ ಓಡಿಸುವವರು ‘ಸಕ್ಕರೆ ಇಳಿಯುವುದು’ ಎಂಬ ಕಾರ್ಡನ್ನು ಎತ್ತಿಕೊಂಡರೆ, ಸಕ್ಕರೆಯನ್ನು ತೀರಾ ಇಳಿಸಿಬಿಡಬಲ್ಲ ಸಲ್ಫೊನೈಲ್‌ಯೂರಿಯಾ ಗುಂಪಿನ ಮಾತ್ರೆಗಳನ್ನು ಹಿಂದಕ್ಕೆ ಸರಿಸಬೇಕಾಗುತ್ತದೆ. ದಾರಿಯಲ್ಲಿ ಶೌಚಾಲಯ ಸಿಗುವುದು ಕಷ್ಟ ಎಂದರೆ ಮೂತ್ರ ಹೆಚ್ಚಿಸುವ ಎಸ್‌ಜಿಎಲ್‌ಟಿ2 ಗುಂಪಿನದರ ಬಗ್ಗೆಯೂ ಎಚ್ಚರಿಸಬೇಕಾಗುತ್ತದೆ. ಇಂಥ ಕಾರ್ಡುಗಳನ್ನು ನೀವೇ ನಾಲ್ಕು ರಟ್ಟಿನ ಮೇಲೆ ಬರೆದುಕೊಳ್ಳಬಹುದು.

ಸಮಯದ ಭಯ ನಿಜಕ್ಕಿಂತ ದೊಡ್ಡದು. ಇಂಥ ಸಾಧನಗಳ ಮೇಲಿನ 209 ಅಧ್ಯಯನಗಳನ್ನು, ವೈದ್ಯಕೀಯ ಸಂಶೋಧನೆಗಳನ್ನು ಕಲೆಹಾಕಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 2024ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಭೇಟಿಯ ಹೊತ್ತಿನಲ್ಲೇ ಬಳಸಿದರೆ ಸುಮಾರು ಒಂದೂವರೆ ನಿಮಿಷ ಹೆಚ್ಚು ಹಿಡಿಯುತ್ತದೆ, ಮುಂಚೆಯೇ ಓದಲು ಕೊಟ್ಟರೆ ವ್ಯತ್ಯಾಸವೇ ಇಲ್ಲ ಎಂದು ಕಂಡಿತು. ಹೊರಗೆ ಕಾಯುವ ಸಮಯದಲ್ಲಿ ಒಂದು ಪುಟ ಕೈಗಿಡಿ.

ಹೇಳುವ ರೀತಿಯಲ್ಲೂ ಎಚ್ಚರವಿರಲಿ. 100ರಲ್ಲಿ 90 ಮಂದಿ ಬದುಕುತ್ತಾರೆ ಎನ್ನುವುದಕ್ಕೂ 10 ಮಂದಿ ಸಾಯುತ್ತಾರೆ ಎನ್ನುವುದಕ್ಕೂ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ಆದರೆ 1982ರ ಒಂದು ಪ್ರಸಿದ್ಧ ಪ್ರಯೋಗದಲ್ಲಿ ಮಾತು ಬದಲಾದದ್ದಕ್ಕೇ ಆಯ್ಕೆ ಬದಲಾಯಿತು, ರೋಗಿಗಳದ್ದು ಮಾತ್ರವಲ್ಲ, ವೈದ್ಯರದ್ದೂ. ಎರಡು ಥರವೂ ಹೇಳಿ. ಕೊನೆಗೆ “ಅರ್ಥವಾಯಿತಾ?” ಎಂದು ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. “ನಾನು ಸರಿಯಾಗಿ ಹೇಳಿದೆನಾ ನೋಡೋಣ, ಮನೆಗೆ ಹೋಗಿ ಏನಂತ ಹೇಳ್ತೀರಿ?” ಎನ್ನಿ. ತಪ್ಪು ಎಲ್ಲಿದೆ ಎಂದು ಅಲ್ಲೇ ಗೊತ್ತಾಗುತ್ತದೆ.

ಇಷ್ಟಾದ ಮೇಲೂ “ನೀವೇ ಹೇಳಿ ಡಾಕ್ಟ್ರೇ” ಎಂದರೆ ಹೇಳಿ. ತಿಳಿದು ಒಪ್ಪಿಸುವುದೂ ಅವರ ತೀರ್ಮಾನವೇ. ಅವರು ಹೇಳಿದ ಕಾಳಜಿಯನ್ನು ಹಿಡಿದು, “ನೀವು ಹೀಗೆ ಅಂದಿರಲ್ಲ, ಅದಕ್ಕೆ ಇದು” ಎಂದು ಕಾರಣ ಜೋಡಿಸಿ ಹೇಳಿ.

ಪ್ರಶ್ನೆ: ನಮ್ಮ ತಾಯಿಗೆ 78. ಹೊಟ್ಟೆಯಲ್ಲಿ ಕ್ಯಾನ್ಸರ್. ಅಣ್ಣಂದಿರು ಅಮ್ಮನಿಗೆ ಹೇಳಕೂಡದು, ಕೀಮೋ ಶುರುಮಾಡಿಸೋಣ ಎನ್ನುತ್ತಿದ್ದಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ.

ಉತ್ತರ: ನಿಮ್ಮ ಅಣ್ಣಂದಿರದ್ದು ಪ್ರೀತಿಯೇ. ಆದರೆ ವಾಂತಿ, ಸುಸ್ತು, ಆಸ್ಪತ್ರೆಯ ಓಡಾಟ ಎಲ್ಲವನ್ನೂ ಅನುಭವಿಸುವವರು ಅಮ್ಮ. ಅವರಿಗೆ ತಿಳಿಸದೆ ಶುರುಮಾಡಿದರೆ ಯಾಕೆ ಇಷ್ಟು ಕಷ್ಟ ಎಂದು ಅವರು ಕೇಳುವ ದಿನ ಬರುತ್ತದೆ, ಆಗ ನಿಮ್ಮ ಯಾರ ಮಾತನ್ನೂ ಅವರು ನಂಬದೆ ಹೋಗಬಹುದು.

ಹೇಳುವುದೋ ಬಿಡುವುದೋ ಎಂದು ಮನೆಯಲ್ಲಿ ಜಗಳವಾಡುವ ಬದಲು ಅಮ್ಮನನ್ನೇ ಕೇಳಬಹುದು. ಡಾಕ್ಟರು ಅಥವಾ ಅಮ್ಮನಿಗೆ ಹತ್ತಿರದವರೊಬ್ಬರು ಕೇಳಲಿ: “ಅಮ್ಮ, ಪರೀಕ್ಷೆಯ ವಿಷಯ ಪೂರ್ತಿ ಕೇಳ್ತೀರಾ, ಇಲ್ಲಾ ಮಕ್ಕಳ ಹತ್ತಿರ ಮಾತಾಡಿದರೆ ಸಾಕಾ?” ಕೆಲವರು ನಿಜಕ್ಕೂ “ಅವರಿಗೇ ಹೇಳಿ” ಎನ್ನುತ್ತಾರೆ, ಅದನ್ನು ಗೌರವಿಸಬೇಕು. “ನನಗೇನಾಗಿದೆ ಹೇಳಿ” ಎಂದರೆ ಮುಚ್ಚಿಡುವ ಅಧಿಕಾರ ಯಾರಿಗೂ ಇಲ್ಲ.

ವಯಸ್ಸಾದ ಮಾತ್ರಕ್ಕೆ ತೀರ್ಮಾನಿಸುವ ಶಕ್ತಿ ಹೋಗಿಬಿಡುವುದಿಲ್ಲ. ಹೇಳಿದ್ದು ಅರ್ಥವಾಗುತ್ತದೆಯೇ, ಅದು ತನಗೇ ಸಂಬಂಧಿಸಿದ್ದು ಎಂಬ ಅರಿವಿದೆಯೇ, ಬೇಕು ಬೇಡಗಳನ್ನು ತೂಗಬಲ್ಲರೇ, ತಮ್ಮ ಇಷ್ಟವನ್ನು ತಿಳಿಸಬಲ್ಲರೇ, ಇಷ್ಟನ್ನೇ ಡಾಕ್ಟರು ನೋಡುವುದು. ನೋಡುವ ಮುಂಚೆ ಕನ್ನಡಕ ಹಾಕಿಸಿ, ಕಿವಿಯ ಯಂತ್ರದ ಬ್ಯಾಟರಿ ನೋಡಿ, ಅವರು ಚುರುಕಾಗಿರುವ ಹೊತ್ತು ಆರಿಸಿ. ಸಂಜೆ ಮಂಕಾಗುವವರು ಬೆಳಿಗ್ಗೆ ಸ್ಪಷ್ಟವಾಗಿ ಮಾತಾಡುವುದುಂಟು. ನಿಜಕ್ಕೂ ಆ ಶಕ್ತಿ ಇಲ್ಲವೆಂದಾದರೆ ಕೂಡ ಚರ್ಚೆ ‘ನಮಗೇನು ಬೇಕು’ ಎಂದಾಗಬಾರದು, ‘ಅಮ್ಮ ಏನು ಹೇಳುತ್ತಿದ್ದರು’ ಎಂದಾಗಬೇಕು. ಹಿಂದೆ ಬೇರೆಯವರ ಕಾಯಿಲೆ ನೋಡಿ ಅವರು ಆಡಿದ ಮಾತುಗಳನ್ನು ನೆನಪಿಸಿಕೊಳ್ಳಿ.

ಕೀಮೋ ಬಗ್ಗೆ ಡಾಕ್ಟರನ್ನು ನೇರವಾಗಿ ಕೇಳಿ: ಇದು ವಾಸಿಮಾಡಲೋ, ದಿನಗಳನ್ನು ಹೆಚ್ಚಿಸಲೋ, ನೋವು ಕಡಿಮೆ ಮಾಡಲೋ? ಬಹಳ ಮನೆಗಳಲ್ಲಿ ಈ ಒಂದು ಪ್ರಶ್ನೆ ಕೇಳದೆಯೇ ಚಿಕಿತ್ಸೆ ಮುಗಿದುಹೋಗುತ್ತದೆ.

ಪ್ರಶ್ನೆ: ಇಂಟರ್ನೆಟ್‌ನಲ್ಲಿ ಓದಿದ್ದನ್ನು ಹೇಳಿದರೆ ಡಾಕ್ಟರು ಸಿಡುಕುತ್ತಾರೆ. ಹೇಳಬಾರದೇ?

ಉತ್ತರ: ಹೇಳಿ. ಆದರೆ ತೀರ್ಪಿನಂತೆ ಹೇಳದೆ ಪ್ರಶ್ನೆಯಾಗಿ ಹೇಳಿ. “ನನಗೆ ಇದೇ ಕಾಯಿಲೆ” ಎನ್ನುವುದಕ್ಕಿಂತ “ಹೀಗೊಂದು ಓದಿದೆ, ಆಗಿನಿಂದ ಭಯವಾಗಿದೆ, ನನಗೆ ಇದು ಅನ್ವಯಿಸುತ್ತಾ?” ಎನ್ನಿ. ಇಪ್ಪತ್ತು ಪುಟ ಬೇಡ, ಒಂದು ಪುಟ ಸಾಕು.

ಪ್ರಶ್ನೆ: ತಮ್ಮನಿಗೆ ಅಪೆಂಡಿಕ್ಸ್ ಊದಿಕೊಂಡು ರಾತ್ರಿಯೇ ಆಪರೇಷನ್ ಎಂದರು. ಸಹಿ ಹಾಕಿಸಿಕೊಂಡದ್ದು ಟ್ರಾಲಿ ತಳ್ಳುವಾಗ. ತುರ್ತು ಇದ್ದಾಗ ಪ್ರಶ್ನೆ ಕೇಳಬಹುದೇ?

ಉತ್ತರ: ಪ್ರಜ್ಞೆ ತಪ್ಪಿದಾಗ, ರಕ್ತ ಸುರಿಯುತ್ತಿರುವಾಗ ಮೊದಲು ಜೀವ. ಆದರೆ ‘ಇವತ್ತೇ ಆಗಬೇಕು’ ಎನ್ನುವುದಕ್ಕೂ ‘ಈ ನಿಮಿಷವೇ ಆಗಬೇಕು’ ಎನ್ನುವುದಕ್ಕೂ ನಡುವೆ ಹಲವು ಸಲ ಅರ್ಧ ಗಂಟೆ ಇರುತ್ತದೆ. “ಎಷ್ಟು ಹೊತ್ತು ಕಾಯಬಹುದು?” ಎಂದು ಕೇಳುವುದರಿಂದ ಏನೂ ಕೆಡುವುದಿಲ್ಲ.

ಅಪೆಂಡಿಕ್ಸ್ ಒಡೆದು ಹೊಟ್ಟೆಯೆಲ್ಲ ಸೋಂಕು ಹರಡಿದ್ದರೆ ಬೇರೆ ಮಾತು. ಒಡೆಯದಿದ್ದ ವಯಸ್ಕರಲ್ಲಿ ಆಂಟಿಬಯಾಟಿಕ್ ಕೂಡ ಒಂದು ದಾರಿ ಎಂದು ಅಮೆರಿಕದಲ್ಲಿ 1,552 ಮಂದಿಯ ಮೇಲೆ ನಡೆದ, 2020ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹಾಗೆ ಔಷಧ ಪಡೆದವರಲ್ಲಿ 90 ದಿನದೊಳಗೆ ಆಪರೇಷನ್ ಬೇಕಾದವರು ಶೇ. 29. ಅಪೆಂಡಿಕ್ಸ್ ಒಳಗೆ ಕಲ್ಲಿನಂಥ ಗಟ್ಟಿ ಉಂಡೆ ಇದ್ದವರಲ್ಲಿ ಶೇ. 41. ಆದ್ದರಿಂದ “ಸ್ಕ್ಯಾನ್‌ನಲ್ಲಿ ಕಲ್ಲು ಕಂಡಿದೆಯಾ?” ಎಂಬ ಒಂದು ಪ್ರಶ್ನೆಗೆ ಇಲ್ಲಿ ಬೆಲೆಯಿದೆ.

ಸಹಿಯ ವಿಷಯ. ಸಹಿ ಹಾಕುವುದು ಮಾತುಕತೆ ನಡೆದದ್ದಕ್ಕೆ ಗುರುತು, ಮಾತುಕತೆಗೆ ಬದಲಿ ಅಲ್ಲ. ಬ್ರಿಟನ್ನಿನ ಸುಪ್ರೀಂ ಕೋರ್ಟು 2015ರ ಮಾಂಟ್‌ಗೊಮರಿ ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿಯಿತು. ಸಕ್ಕರೆ ಕಾಯಿಲೆಯಿದ್ದ, ಕುಳ್ಳಗಿದ್ದ ಗರ್ಭಿಣಿಗೆ ಹೆರಿಗೆಯಲ್ಲಿ ಮಗುವಿನ ಭುಜ ಸಿಕ್ಕಿಕೊಳ್ಳುವ ಅಪಾಯ ನೂರಕ್ಕೆ 9–10 ಇತ್ತು. ಹೇಳಿದರೆ ಸಿಸೇರಿಯನ್ ಕೇಳುತ್ತಾರೆಂದು ವೈದ್ಯೆ ಹೇಳಿರಲಿಲ್ಲ. ಯಾವ ಅಪಾಯವನ್ನು ತಿಳಿಸಬೇಕು ಎಂಬುದನ್ನು ವೈದ್ಯರ ರೂಢಿಯಿಂದ ಅಳೆಯಬಾರದು, ಆ ಸ್ಥಿತಿಯಲ್ಲಿರುವ ರೋಗಿಗೆ ಅದು ಮುಖ್ಯವೆನಿಸುತ್ತದೆಯೇ ಎಂಬುದರಿಂದ ಅಳೆಯಬೇಕು ಎಂದಿತು ಕೋರ್ಟು. ಮೊದಲೇ ದಿನ ಗೊತ್ತಾದ ಆಪರೇಷನ್ ಆಗಿದ್ದರೆ ಒಪ್ಪಿಗೆ ಪತ್ರವನ್ನು ಹಿಂದಿನ ಭೇಟಿಯಲ್ಲೇ ಕೇಳಿ ಪಡೆದು, ಮನೆಯಲ್ಲಿ ಓದಿ, ತಿಳಿಯದ್ದಕ್ಕೆ ಗೆರೆ ಎಳೆದು ತನ್ನಿ.

ಪ್ರಶ್ನೆ: ಬಿ.ಪಿ. ಮಾತ್ರೆಗೆ ನಾನೇ ಒಪ್ಪಿದ್ದೆ. ಈಗ ಎದ್ದು ನಿಂತರೆ ತಲೆ ಸುತ್ತುತ್ತದೆ. ಬಿಟ್ಟುಬಿಡೋಣ ಅನ್ನಿಸಿದೆ, ಡಾಕ್ಟರಿಗೆ ಹೇಳಲು ಮುಜುಗರ.

ಉತ್ತರ: ಒಮ್ಮೆ ಒಪ್ಪಿದ್ದಕ್ಕೆ ಕೊನೆತನಕ ಕಟ್ಟುಬಿದ್ದವರಲ್ಲ ನೀವು. ಮಾತ್ರೆ ನುಂಗಿ ನೋಡಿದ ಮೇಲೆ ನಿಮ್ಮಲ್ಲಿ ಹೊಸ ಮಾಹಿತಿ ಇದೆ, ಅದು ಡಾಕ್ಟರಿಗೆ ತಲುಪಬೇಕು. ಆದರೆ ನೀವಾಗಿಯೇ ನಿಲ್ಲಿಸಬೇಡಿ. ಬೀಟಾ ಬ್ಲಾಕರ್ ಗುಂಪಿನ ಮಾತ್ರೆ ಥಟ್ಟನೆ ಬಿಟ್ಟರೆ ಎದೆಬಡಿತ ಏರಿ ಎದೆನೋವು ಬರಬಹುದು. ಕ್ಲೋನಿಡಿನ್ ಎಂಬ ಮಾತ್ರೆ ಬಿಟ್ಟರೆ ಬಿ.ಪಿ. ಒಮ್ಮೆಲೇ ಜಿಗಿಯುತ್ತದೆ. ನಿಮ್ಮದು ಯಾವುದೆಂದು ಫೋನ್ ಮಾಡಿಯಾದರೂ ಕೇಳಿ. ತಲೆ ಸುತ್ತಿ ಬಿದ್ದಿದ್ದರೆ ಅಥವಾ ಕಣ್ಣು ಕತ್ತಲಿಟ್ಟು ಪ್ರಜ್ಞೆ ತಪ್ಪಿದ್ದರೆ ಅವತ್ತೇ ತೋರಿಸಿ.

ಮೂರು ದಿನ ಹೀಗೆ ಬರೆದಿಡಿ: ಮಾತ್ರೆ ತೆಗೆದುಕೊಂಡ ಗಂಟೆ, ತಲೆ ಸುತ್ತಿದ ಗಂಟೆ, ಮನೆಯಲ್ಲಿ ಯಂತ್ರವಿದ್ದರೆ ಕೂತಾಗಿನ ಬಿ.ಪಿ., ಎದ್ದು ನಿಂತ 1 ಮತ್ತು 3 ನಿಮಿಷಕ್ಕೆ ಮತ್ತೆ ಬಿ.ಪಿ. ನಿಂತಾಗ ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಡಾಕ್ಟರಿಗೆ ಅದು ಮುಖ್ಯ ಸುಳಿವು. ಪ್ರಮಾಣ ಇಳಿಸಬಹುದು, ಬೇರೆ ಮಾತ್ರೆಗೆ ಬದಲಿಸಬಹುದು. ಹೋಗುವಾಗ ಮನೆಯಲ್ಲಿರುವ ಮಾತ್ರೆಯ ಸ್ಟ್ರಿಪ್ಪುಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ಅರ್ಧಕ್ಕೆ ಬಿಟ್ಟವನ್ನೂ ಬೇರೆ ಡಾಕ್ಟರು ಕೊಟ್ಟವನ್ನೂ ಸೇರಿಸಿ. ತಲೆಸುತ್ತಿಗೆ ಕಾರಣ ಅವುಗಳಲ್ಲೊಂದು ಇದ್ದರೂ ಇರಬಹುದು.